ಗಿಳಿಯ ಸುತ್ತ ಸುಕ್ಕು ಬೀಳದಂತೆ ಅಪ್ಲಿಕ್ ಹೊಲಿಯುವ ಕ್ರಮ

ಬೇರೆ ಬಟ್ಟೆಯಿಂದ ಕತ್ತರಿಸಿದ ಗಿಳಿ, ಮಾವಿನ ಎಲೆಯಂಥ ಆಕಾರಗಳನ್ನು ಹತ್ತಿ ಹೊದಿಕೆಯ ಮೇಲೆ ಯಂತ್ರದಲ್ಲಿ ಹೊಲಿಯುವ, ಅಂದರೆ ಅಪ್ಲಿಕ್ ಮಾಡುವ ಅನೇಕರು, ತುಂಡನ್ನು ಅಂಟಿಸಿಯಾಯಿತಲ್ಲ ಎಂದು ನೇರವಾಗಿ ಹೊಲಿಗೆಗೆ ಕೂರುತ್ತಾರೆ. ಆದರೆ ಇಸ್ತ್ರಿಯ ಬಿಸಿಗೆ ಅಂಟುವ ಅಂಟುಹಾಳೆ ಹಿಡಿದಿಡುವುದು ಮೇಲಿನ ತುಂಡನ್ನು ಮಾತ್ರ. ಜಿಗ್‌ಜಾಗ್ ಹೊಲಿಗೆ ಎಡಬಲದಿಂದ ಬಟ್ಟೆಯನ್ನು ಒಳಕ್ಕೆ ಸೆಳೆಯುತ್ತದೆ. ಆ ಸೆಳೆತವನ್ನು ತಡೆಯಲು ತಳದ ಬಟ್ಟೆಯ ಅಡಿಯಲ್ಲಿ ಸ್ಟೆಬಿಲೈಜರ್ ಎಂಬ ಇನ್ನೊಂದು ಹಾಳೆ ಬೇಕೇ ಬೇಕು. ನಾನು ಮೊದಲು ಹೊಲಿದ ಕೂಸಿನ ಹೊದಿಕೆಯಲ್ಲಿ ಇದನ್ನು ಬಿಟ್ಟಿದ್ದೆ. ಗಿಳಿಯ ಸುತ್ತ ಎದ್ದ ಸುಕ್ಕು ಎಷ್ಟು ಇಸ್ತ್ರಿ ಮಾಡಿದರೂ ಹೋಗಲಿಲ್ಲ.

ಬಟ್ಟೆಯನ್ನು ಮೊದಲು ಒಗೆದು ಒಣಗಿಸಬೇಕು. ಗಂಜಿ ಹೋದರೆ ಅಂಟು ಚೆನ್ನಾಗಿ ಹಿಡಿಯುತ್ತದೆ, ಮುಂದೆ ಬಟ್ಟೆ ಕುಗ್ಗುವ ಭಯವೂ ಕಡಿಮೆ. ಟೈಲರುಗಳು ಕಾಲರಿಗೆ ಹಾಕುವ ಪೇಸ್ಟಿಂಗ್ ಕ್ಯಾನ್ವಾಸಿನ ಒಂದೇ ಮಗ್ಗುಲಿಗೆ ಅಂಟಿರುವುದರಿಂದ ಅದು ಈ ಕೆಲಸಕ್ಕೆ ಬಾರದು. ಎರಡೂ ಬದಿ ಅಂಟುವ, ಹಿಂದೆ ಕಾಗದವಿರುವ ತೆಳು ಅಂಟುಹಾಳೆಯನ್ನೇ ಕೇಳಿ ತರಬೇಕು. ಚಿತ್ರವನ್ನು ಕಾಗದದ ಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯದಿದ್ದರೆ, ಎಡಕ್ಕೆ ನೋಡಬೇಕಾದ ಗಿಳಿ ಬಲಕ್ಕೆ ನೋಡುತ್ತದೆ. ಗೆರೆಯ ಹೊರಗೆ ಅರ್ಧ ಸೆಂಟಿಮೀಟರಿನಷ್ಟು ಬಿಟ್ಟು ಹಾಳೆಯನ್ನು ಕತ್ತರಿಸಿ, ಆಕಾರ ದೊಡ್ಡದಾಗಿದ್ದರೆ ನಡುಭಾಗವನ್ನೂ ಕತ್ತರಿಸಿ ತೆಗೆದು ಅಂಚಿನ ಪಟ್ಟಿಯನ್ನಷ್ಟೇ ಉಳಿಸಿಕೊಳ್ಳಿ. ಹೊದಿಕೆ ಮೆತ್ತಗಿರಬೇಕೆಂಬ ಆಸೆಯಿದ್ದವರು ಈ ಹಂತವನ್ನು ಬಿಡಬಾರದು.

ಹಾಳೆಯನ್ನು ತುಂಡಿನ ಒಳಮೈಗೆ ಅಂಟಿಸಿ, ಗೆರೆಯ ಮೇಲೆಯೇ ಕತ್ತರಿಸಿ, ಕಾಗದ ಸುಲಿದು, ತಳದ ಬಟ್ಟೆಯ ಮೇಲಿಟ್ಟು ಮತ್ತೆ ಇಸ್ತ್ರಿ ಒತ್ತಬೇಕು. ಇಸ್ತ್ರಿಯನ್ನು ಎಳೆಯದೆ ಎತ್ತಿ ಎತ್ತಿ ಇಡಿ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದಕ್ಕೆ ಹಾಳೆಯ ಪೊಟ್ಟಣದ ಮೇಲಿನ ಸೂಚನೆಯೇ ಪ್ರಮಾಣ.

ಈಗ ತಳದ ಬಟ್ಟೆಯ ಅಡಿಗೆ, ಆಕಾರಕ್ಕಿಂತ ಎಲ್ಲ ಕಡೆ ಎರಡು ಬೆರಳು ಹೆಚ್ಚಿರುವ, ಹರಿದು ತೆಗೆಯಬಹುದಾದ ಸ್ಟೆಬಿಲೈಜರನ್ನು ಇಡಿ. ಹರಿದರೆ ಜಗ್ಗುವಷ್ಟು ತೆಳುವಾದ ಬಟ್ಟೆಗೆ ನೀರಿನಲ್ಲಿ ಕರಗುವಂಥದ್ದು ಮೇಲು; ಕತ್ತರಿಸಿ ತೆಗೆಯುವ ಜಾತಿಯದು ಹೊಲಿಗೆಯಡಿ ಶಾಶ್ವತವಾಗಿ ಉಳಿಯುವುದರಿಂದ ಹೊದಿಕೆಗೆ ನಾನು ಬಳಸುವುದಿಲ್ಲ. 80/12 ಅಳತೆಯ ಸೂಜಿ, ಸುಮಾರು 3 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರಿನಷ್ಟು ಉದ್ದದ ಒತ್ತಾದ ಜಿಗ್‌ಜಾಗ್, ತುಸು ಸಡಿಲಿಸಿದ ಮೇಲುದಾರ: ಇಷ್ಟನ್ನು ಮೊದಲು ಚಿಂದಿಯ ಮೇಲೆ ಪರೀಕ್ಷಿಸಿ. ಸೂಜಿಯ ಒಂದು ಕುತ್ತು ಗಿಳಿಯ ಮೇಲೆ, ಇನ್ನೊಂದು ಅಂಚಿಗೆ ತಾಗಿದಂತೆ ತಳದ ಬಟ್ಟೆಯಲ್ಲಿ ಬೀಳಬೇಕು. ಕೊಕ್ಕಿನ ಹೊರಬಾಗಿನಲ್ಲಿ ತಿರುಗುವಾಗ ಸೂಜಿಯನ್ನು ತಳದ ಬಟ್ಟೆಯಲ್ಲಿ ಇಳಿಸಿ, ಒಳಬಾಗಿನಲ್ಲಿ ಗಿಳಿಯ ಮೈಯಲ್ಲೇ ಇಳಿಸಿ, ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದವನ್ನೆತ್ತಿ ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಹೊಲಿಗೆಯ ನಡುವೆ ಸಂದಿ ಬೀಳುವುದಿಲ್ಲ.

ಹೊಲಿಗೆ ಮುಗಿದ ಮೇಲೆ ಬಟ್ಟೆಯನ್ನು ಮಗುಚಿ, ಎಡಗೈ ಹೆಬ್ಬೆರಳಿನಿಂದ ಹೊಲಿಗೆಯನ್ನು ಅದುಮಿ ಹಿಡಿದು ಹಾಳೆಯನ್ನು ನಿಧಾನವಾಗಿ ಹರಿಯಿರಿ. ಒಮ್ಮೆಲೇ ಜಗ್ಗಿದರೆ ಬಾಲದ ತುದಿಯ ಎಳೆಗಳು ಸಡಿಲಾಗುತ್ತವೆ. ಒಳಪದರದ ಹತ್ತಿಯನ್ನೂ ಅಸ್ತರನ್ನೂ ಜೋಡಿಸುವುದು ಇದೆಲ್ಲ ಆದ ಮೇಲೆ.