ಗೋಣಿ ಚೀಲ, ರಟ್ಟು, ಹೊರಗೆ ಬಾರದ ಬಾಣ

ಬಿಲ್ಲು ಕೊಂಡ ಖುಷಿಯಲ್ಲಿ, ಬಾಣ ಯಾವುದಕ್ಕೆ ಬಿಡೋದು ಅಂತ ನಾನು ಯೋಚಿಸಿರಲೇ ಇಲ್ಲ. ನನ್ನದು ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು; ಪೂರ್ತಿ ಎಳೆಯಲು 28 ಪೌಂಡ್ ಬಲ ಬೇಕು. ಬಾಣ ಕಾರ್ಬನ್ನಿನದು. ಹಿತ್ತಿಲಲ್ಲಿ ಸಿಗೋದು 12 ಮೀಟರ್ ಜಾಗ. ಫೋಮ್ ಟಾರ್ಗೆಟ್ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ.

ಮೊದಲು ಗೋಣಿ ಚೀಲಕ್ಕೆ ಹಳೇ ಬಟ್ಟೆ ತುಂಬಿ ಸೀಬೆ ಮರಕ್ಕೆ ಕಟ್ಟಿದೆ. ಸಡಿಲವಾಗಿತ್ತು. ಮೂರನೇ ಬಾಣ ಚೀಲ ದಾಟಿ ಕಾಂಪೌಂಡಿಗೆ ಬಡಿಯಿತು. ಒನಕೆಯಿಂದ ಜಡಿದು ತುಂಬಿದ ಮೇಲೆ ಸರಿಹೋಯಿತು. ಬಟ್ಟೆಯ ಗುಂಡಿ, ಜಿಪ್ಪು ತೆಗೆದಿರಬೇಕು. ಜೀನ್ಸ್ ಗುಂಡಿಗೆ ತಗುಲಿ ನನ್ನ ಒಂದು ಬಾಣದ ತುದಿ ಮೊಂಡಾಯಿತು. ಹತ್ತಿ ಸೀರೆ, ಪಂಚೆ ಒಳ್ಳೆಯದು. ಅಮ್ಮನನ್ನು ಕೇಳಿ ತಗೊಳ್ಳಿ, ನಾನು ಕೇಳಿರಲಿಲ್ಲ.

ಆಮೇಲೆ ರಟ್ಟು. ಗುಜರಿ ಅಂಗಡಿಯಿಂದ ಫ್ರಿಜ್ಜಿನ ಡಬ್ಬಗಳನ್ನು ತಂದು, ಒಂದಡಿ ಅಗಲದ ಸುಮಾರು 250 ಪಟ್ಟಿ ಕತ್ತರಿಸಿದೆ. ಒಂದರ ಮೇಲೊಂದು ಪೇರಿಸಿ, ಮೇಲೆ ಕೆಳಗೆ ಹಲಗೆ ಇಟ್ಟು, ಎರಡೂ ಪಕ್ಕ ಥ್ರೆಡ್ ರಾಡ್ (ಉದ್ದಕ್ಕೂ ನಟ್ಟು ತಿರುಗಿಸಬಹುದಾದ ಸರಳು) ಹಾಕಿ ನಟ್ಟು ಬಿಗಿದೆ. ಬಾಣ ರಟ್ಟಿನ ಮುಖಕ್ಕಲ್ಲ, ಅಂಚಿಗೆ ಬೀಳಬೇಕು. ಆಗ ಪದರಗಳ ನಡುವೆ ತೂರಿ, ತಿಕ್ಕಾಟದಿಂದಲೇ ನಿಲ್ಲುತ್ತದೆ. ಮುಂದೆ 40 ಸೆಂ.ಮೀ. ಅಗಲದ, ಬಣ್ಣದ ವೃತ್ತಗಳಿರುವ ಗುರಿ ಕಾಗದ ಅಂಟಿಸಿದೆ. 18 ಮೀಟರ್ ಒಳಾಂಗಣ ಸ್ಪರ್ಧೆಗೆ ಬಳಸುವ ಅಳತೆ ಅದು.

ಬಿಗಿದಷ್ಟೂ ಒಳ್ಳೆಯದು ಅಂದುಕೊಂಡು ಸ್ಪ್ಯಾನರಿಗೆ ಪೈಪ್ ತೊಡಿಸಿ ತಿರುಗಿಸಿದ್ದೆ. ಬಾಣವೇನೋ ನಾಲ್ಕೇ ಬೆರಳು ಒಳಗೆ ಹೋಯಿತು. ಎಳೆದರೆ ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದರೂ ಇಲ್ಲ! ಕೊನೆಗೆ ನಟ್ಟು ಎರಡು ಸುತ್ತು ಸಡಿಲಿಸಿದೆ; ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಈಗ ಬಾಣ ಒಂದು ಗೇಣು ಹೋಗುವಷ್ಟೇ ಬಿಗಿ ಇಡುತ್ತೇನೆ.

ಎಳೆಯುವುದಕ್ಕೂ ಕ್ರಮ ಇದೆ. ಬಾಣದ ಹಿಂದೆ ಯಾರೂ ಇಲ್ಲ ಅಂತ ಮೊದಲು ನೋಡಬೇಕು. ನಾವೂ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು, ಇಲ್ಲದಿದ್ದರೆ ಬಾಣದ ಹಿಂತುದಿ ಕಣ್ಣಿಗೇ ಬರುತ್ತದೆ. ಒಂದು ಅಂಗೈ ಟಾರ್ಗೆಟ್ ಮೇಲೆ ಒತ್ತಿ, ಇನ್ನೊಂದು ಕೈಯಲ್ಲಿ ಬಾಣದ ಕಡ್ಡಿಯನ್ನು ಟಾರ್ಗೆಟ್ಟಿನ ಹತ್ತಿರವೇ ಹಿಡಿದು, ಸ್ವಲ್ಪ ತಿರುಗಿಸುತ್ತಾ ನೇರ ಎಳೆಯಬೇಕು. ಮೇಲೆ ಕೆಳಗೆ ಅಲ್ಲಾಡಿಸಿದರೆ ಕಡ್ಡಿ ಹಾಳು. ಕೈ ಜಾರಿದರೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಳ್ಳಿ. ಕಡ್ಡಿಯ ಮುಂಭಾಗಕ್ಕೆ ಒಣ ಸೋಪು ಸವರಿಟ್ಟರೆ ಅರ್ಧ ಕಷ್ಟ ಕಡಿಮೆ.

ಗುರಿ ತಪ್ಪಿ ಮರದ ಹಲಗೆಗೆ ನೆಟ್ಟರೆ ಮಾತ್ರ ಇಕ್ಕಳ ಮುಟ್ಟಬೇಡಿ. ನಾನು ಮುಟ್ಟಿ ಒಂದು ಬಾಣ ಕಳೆದುಕೊಂಡೆ: ಕಡ್ಡಿ ಸೀಳಿ ಕೈಗೆ ಬಂತು, ತುದಿ ಹಲಗೆಯಲ್ಲೇ ಉಳಿಯಿತು. ಈಗ ಉಳಿ ಹಿಡಿದು ಸುತ್ತಲಿನ ಮರವನ್ನೇ ಕೆತ್ತುತ್ತೇನೆ. ಹೊರಬಂದ ಬಾಣವನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ ನೋಡುತ್ತೇನೆ. ಚಿಟಚಿಟ ಅಂದರೆ ಮುರಿದು ಬಿಸಾಡುವುದೇ. ಸೀಳಿದ ಕಾರ್ಬನ್ ಬಾಣ ಬಿಡುವಾಗ ಮುರಿದರೆ ಬಿಲ್ಲು ಹಿಡಿದ ಕೈಗೇ ಚುಚ್ಚುತ್ತದೆ.

ಮಧ್ಯದ ಪಟ್ಟಿಗಳು ಬೇಗ ಸವೆಯುತ್ತವೆ; ಅವನ್ನು ಮೇಲಕ್ಕೂ ಕೆಳಕ್ಕೂ ಹಾಕಿ, ಅಲ್ಲಿನವನ್ನು ಮಧ್ಯಕ್ಕೆ ತರುತ್ತೇನೆ. ಹೋದ ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿದರೂ ಅಡಿಯ ರಟ್ಟು ನೆನೆದು ಮುದ್ದೆಯಾಯಿತು. ಹಾಗಾಗಿ ಜೂನ್ ಬಂದರೆ ರಟ್ಟು ಅಟ್ಟಕ್ಕೆ, ಗೋಣಿ ಚೀಲ ಜಗಲಿಗೆ.