ಹೇಳಲು ಸುಲಭವಾದದ್ದನ್ನೇ ಹೇಳುತ್ತಿದ್ದೆ

ಬೆಟಗೇರಿಯಲ್ಲಿ ವಾರದ ಆರು ದಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಏಳನೆಯ ದಿನ ಚರ್ಚಿನಲ್ಲಿ ಸಂಡೇ ಸ್ಕೂಲು. ಒಂದೇ ಲೋಟ ಎರಡೂ ಕಡೆ ಕೆಲಸಕ್ಕೆ ಬರುತ್ತಿತ್ತು. ಶಾಲೆಯಲ್ಲಿ ಮಂಜುಗಡ್ಡೆ, ನೀರು, ಹಬೆ ತೋರಿಸಿ ದ್ರವ್ಯದ ಸ್ಥಿತಿಗಳ ಪಾಠ. ಭಾನುವಾರ ಅದೇ ಮಂಜುಗಡ್ಡೆ, ನೀರು, ಹಬೆ. ಪಾಠ ಮಾತ್ರ ತ್ರಯೇಕ ದೇವರು, ಅಂದರೆ ತಂದೆ, ಮಗನಾದ ಯೇಸು, ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ ಎಂಬುದು. 'ವಸ್ತು ಒಂದ, ರೂಪ ಮೂರು, ತಿಳೀತಿಲ್ಲೋ?' ಅಂತ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು.

ಐದನೆಯ ತರಗತಿಯ ಒಬ್ಬ ಹುಡುಗ ಅದನ್ನು ನಿಲ್ಲಿಸಿದ. ಅವತ್ತು ಯೇಸುವಿನ ದೀಕ್ಷಾಸ್ನಾನದ ಪಾಠ.

'ಅಕ್ಕೋರ, ಯೇಸು ಹೊಳ್ಯಾಗ ನಿಂತಾನ. ಪವಿತ್ರಾತ್ಮ ಪಾರಿವಾಳದಂಗ ಇಳಿಯಾಕತ್ತಾನ. ಮ್ಯಾಲಿಂದ ತಂದಿ ಮಾತಾಡಾಕತ್ತಾನ. ನಿಮ್ಮ ಲೋಟದಾಗಿನ ನೀರು ಒಮ್ಮೆಲೇ ಮೂರೂ ಹೆಂಗ ಆಗತೈತ್ರಿ?'

ಮುಂದಿನ ವಾರ ಹೇಳ್ತೀನಿ ಅಂದೆ. ವಿಜ್ಞಾನದ ಶಿಕ್ಷಕಿಗೆ ಗೊತ್ತಿರುವ ಉಪಾಯ ಅದು.

ನಮ್ಮ ಚರ್ಚಿನ ನಿವೃತ್ತ ಸಭಾಪಾಲಕರೊಬ್ಬರ (ಪಾಸ್ಟರ್) ಮನೆಗೆ ಹೋದೆ. ಅವರು ಕೇಳಿ ನಕ್ಕರು. ಮೂರನೆಯ ಶತಮಾನದ ರೋಮಿನಲ್ಲಿ ಸಬೆಲ್ಲಿಯಸ್ ಎಂಬವನ ಹೆಸರಿಗೆ ಅಂಟಿದ ಬೋಧನೆ ಇದೇ ಅಂತೆ: ದೇವರು ಒಬ್ಬನೇ, ತಂದೆ, ಮಗ, ಆತ್ಮ ಎಂದು ವೇಷ ಬದಲಿಸುತ್ತಾನೆ. ಕ್ರೈಸ್ತ ಸಭೆ ಅದನ್ನು ಒಪ್ಪಲಿಲ್ಲ. ವೇಷವಷ್ಟೇ ಆದರೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಬೆವರಿಳಿಸಿ ಪ್ರಾರ್ಥಿಸಿದ್ದು ಯಾರಿಗೆ? ತನಗೆ ತಾನೇ? ಹನ್ನೊಂದು ವರ್ಷ ನಾನು ಅದನ್ನೇ ಕಲಿಸಿದ್ದೆ, ಐಸ್ ಸಮೇತ.

ಬೇರೆ ಉದಾಹರಣೆ ಹುಡುಕಿದೆ. ಸಹೋದ್ಯೋಗಿಯೊಬ್ಬರು ಬಿಲ್ವಪತ್ರೆ ಹೇಳಿದರು, ಮೂರು ಎಸಳು, ಎಲೆ ಒಂದು. ಚೆಂದ ಇತ್ತು. ಆದರೆ ಒಂದೊಂದು ಎಸಳೂ ಎಲೆಯ ಮೂರರಲ್ಲಿ ಒಂದು ಪಾಲು; ಮಗನು ದೇವರ ಮೂರರಲ್ಲಿ ಒಂದು ಪಾಲಲ್ಲವಲ್ಲ. ಸೂರ್ಯ, ಬೆಳಕು, ಕಾವು ಅಂದರೆ ಬೆಳಕೂ ಕಾವೂ ಸೂರ್ಯನಿಂದ ಹೊರಟವು, ಸೂರ್ಯನಲ್ಲ. ಇಂಜಿನಿಯರಿಂಗ್ ಓದುವ ಅಳಿಯ ಬಂದವನು ಟ್ರಿಪಲ್ ಪಾಯಿಂಟ್ ನೆನಪಿಸಿದ: 0.01 ಡಿಗ್ರಿ ಸೆಲ್ಸಿಯಸ್, ಸುಮಾರು 611 ಪ್ಯಾಸ್ಕಲ್ ಒತ್ತಡದಲ್ಲಿ ಮಂಜು, ನೀರು, ಹಬೆ ಮೂರೂ ಒಟ್ಟಿಗಿರುತ್ತವೆ. ಒಂದು ಸಂಜೆ ಪೂರ್ತಿ ಖುಷಿಯಲ್ಲಿದ್ದೆ. ಮಲಗುವ ಹೊತ್ತಿಗೆ ಹೊಳೆಯಿತು, ಅಲ್ಲೂ ಮಂಜಾದ ನೀರು ಬೇರೆ, ಹಬೆಯಾದ ನೀರು ಬೇರೆ.

ಕೊನೆಗೆ ಮುಂದಿನ ಭಾನುವಾರ ಮಕ್ಕಳ ಮುಂದೆ ನಿಂತು, 'ನಾ ಇಷ್ಟು ದಿನ ಹೇಳಿದ್ದು ತಪ್ಪು' ಅಂದೆ. ಒಬ್ಬ ತಾಯಿ ಬಾಗಿಲಲ್ಲೇ ಹಿಡಿದು, 'ನೀವ ತಪ್ಪು ಅಂದ್ರ ಹುಡುಗ್ರು ಯಾರ ಮಾತು ನಂಬಬೇಕ್ರಿ ಅಕ್ಕೋರ?' ಎಂದರು. ಅವರ ಸಿಟ್ಟು ನ್ಯಾಯದ್ದೇ.

ಅಲ್ಲಿಂದ ಉದಾಹರಣೆ ಬಿಟ್ಟೆ. ನಾವು ನಂಬುವುದು ಇದು ಎಂದು ಚರ್ಚಿನಲ್ಲಿ ಎಲ್ಲರೂ ಕೂಡಿ ಹೇಳುವ ವಿಶ್ವಾಸ ಪ್ರಮಾಣವನ್ನು ಒಂದೊಂದೇ ಸಾಲು ತೆಗೆದುಕೊಂಡು, ಈ ಸಾಲು ಯಾಕೆ ಬೇಕಾಯಿತು ಅಂತ ಕೇಳುವುದನ್ನು ಶುರುಮಾಡಿದೆ. ಬಾಸೆಲ್ ಮಿಷನ್ ಬೆಟಗೇರಿಗೆ ಬಂದದ್ದು 1841ರಲ್ಲಿ; ನಮ್ಮ ಮನೆತನಕ್ಕೆ ವಿಶ್ವಾಸ ಪ್ರಮಾಣ ಮಗ್ಗದ ಸದ್ದಿನಷ್ಟು ಹಳೆಯದು, ಮತ್ತು ಅಷ್ಟೇ ಕಿವಿಗೆ ಬೀಳದ್ದು. ಮಗನು ಸೃಷ್ಟಿಯಾದವನಲ್ಲ ಎಂಬ ಸಾಲಿನ ಹಿಂದೆ, ಸೃಷ್ಟಿಯಾದವನೇ ಎಂದ ಅಲೆಕ್ಸಾಂಡ್ರಿಯದ ಅರಿಯಸ್ ಇದ್ದಾನೆ, ಅವನ ಮಾತನ್ನು ತಳ್ಳಿಹಾಕಿದ 325ರ ನಿಕೇಯ ಸಭೆ ಇದೆ ಎಂದು ತಿಳಿದಾಗ ದೊಡ್ಡ ಮಕ್ಕಳು ಮುಂದಿನ ಬೆಂಚಿಗೆ ಬಂದರು. ಜಗಳದ ಕತೆ ಯಾರಿಗೆ ಬೇಡ?

ಪದಗಳೂ ಕಾಡಿದವು. ದೇವರ ಮಗ ಮನುಷ್ಯನಾದದ್ದಕ್ಕೆ ನಮ್ಮಲ್ಲಿ ನರಾವತಾರ ಅನ್ನುತ್ತಾರೆ; ಹಾಗಂದ ಕೂಡಲೇ ಒಬ್ಬಳು 'ಮುಂದಿನ ಅವತಾರ ಯಾವಾಗರಿ?' ಅಂದಳು. ಅವಳ ತಪ್ಪಲ್ಲ, ಕನ್ನಡದ ಕಿವಿಗೆ ಅವತಾರ ಹತ್ತು, ಕೆಲಸ ಮುಗಿದರೆ ಅದೂ ಮುಗಿಯಿತು. ಅದಕ್ಕೇ ಈಗ ಲೂಕನ ಸುವಾರ್ತೆಯ 24ನೆಯ ಅಧ್ಯಾಯವನ್ನು ಜೊತೆಗೇ ಓದಿಸುತ್ತೇನೆ. ಸತ್ತು ಎದ್ದುಬಂದ ಯೇಸು ಕೈಕಾಲು ತೋರಿಸಿ, ಸುಟ್ಟ ಮೀನಿನ ತುಂಡು ತಿನ್ನುತ್ತಾನೆ. ಮನುಷ್ಯನಾದದ್ದು ಒಂದೇ ಸಲ, ಮತ್ತು ಅದನ್ನು ಕಳಚಿಡಲಿಲ್ಲ.

ಸಭೆಯ ಹಿರಿಯರೊಬ್ಬರಿಗೆ ಇದೆಲ್ಲ ಕೂದಲು ಸೀಳುವ ಕೆಲಸ. 'ಪ್ರೀತಿ ಇದ್ರ ಸಾಕಲ್ಲೇನವಾ?' ಅನ್ನುತ್ತಿದ್ದರು. ನನಗೂ ಆಗಾಗ ಹಾಗೇ ಅನಿಸುತ್ತಿತ್ತು, ನಮ್ಮ ಓಣಿಯ ದೊಡ್ಡವ್ವ ಸಕ್ಕರೆ ಕಾಯಿಲೆಯ ಗುಳಿಗೆ ಬಿಡುವ ತನಕ. ಯಾವುದೋ ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ, ಗುಳಿಗೆ ನುಂಗುವವರಿಗೆ ವಿಶ್ವಾಸ ಇಲ್ಲ ಎಂದಿದ್ದರಂತೆ. 'ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು' ಎಂಬ ಪ್ರವಾದಿ ಯೆಶಾಯನ ಮಾತು ಅವಳ ಬಾಯಲ್ಲೇ ಇತ್ತು. ಕಾಲಿನ ಹೆಬ್ಬೆರಳ ಗಾಯ ಹಸಿಯಾಗಿತ್ತು. ಅದೇ ವಾಕ್ಯವನ್ನು ನಾನೂ ಮಕ್ಕಳಿಗೆ ಹಿಂದುಮುಂದಿಲ್ಲದೆ ಬಾಯಿಪಾಠ ಮಾಡಿಸಿದ್ದೆ. ಅದರ ಹಿಂದಿನ ಮಾತು ನಮ್ಮ ದ್ರೋಹಗಳದು, ಪಾಪದ್ದು; ಗುಳಿಗೆಯದಲ್ಲ.

ವಾದಕ್ಕೆ ಇಳಿಯಲಿಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲ ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಪೂರ್ತಿ ಓದೋಣ ಅಂದೆ. ನಾಲ್ಕೇ ಅಧ್ಯಾಯ, 83 ವಚನ. ಕೊನೆಯ ಅಧ್ಯಾಯದಲ್ಲಿ 'ಸ್ವಸ್ಥಬೋಧನೆ' ಬರುತ್ತದೆ. ಮೂಲದ ಗ್ರೀಕ್ ಪದಕ್ಕೆ ಆರೋಗ್ಯವಾಗಿರುವುದು ಎಂದೇ ಅರ್ಥ, ಹೈಜೀನ್ ಅನ್ನುವುದು ಅದೇ ಬೇರಿನದು. ಅದನ್ನು ಹೇಳಿ ಮುಂದಕ್ಕೆ ಓದಿದೆ. ಇಪ್ಪತ್ತನೆಯ ವಚನದಲ್ಲಿ ಪೌಲ, ತ್ರೊಫಿಮನಿಗೆ ಮೈ ನೆಟ್ಟಗಿಲ್ಲದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಎನ್ನುತ್ತಾನೆ.

ದೊಡ್ಡವ್ವ ಕೈ ಎತ್ತಿ ತಡೆದಳು.

'ಯಾರು? ಪೌಲನ ಜೋಡಿ ಇದ್ದಾವ?'

'ಹೌದು ದೊಡ್ಡವ್ವ.'

'ಪೌಲ ಪ್ರಾರ್ಥನಿ ಮಾಡಿರಬೇಕಲ್ಲ?'

'ಮಾಡದ ಬಿಟ್ಟಿರ್ತಾನೇನು?'

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗಿದ್ದ ಸೊಸೆಗೆ, ಡಾಕ್ಟರ ಚೀಟಿ ಎಲ್ಲಿಟ್ಟಿದ್ದೀ ನೋಡು ಅಂತ ಕೂಗಿದಳು.

ಶುಕ್ರವಾರದ ಆ ಕೂಟಕ್ಕೆ ಅವಳು ಈಗಲೂ ಹೋಗುತ್ತಾಳೆ, ಹಾಡು ಚಲೋ ಇರತಾವಂತೆ. ಗುಳಿಗೆ ನುಂಗಿಯೇ ಹೋಗುತ್ತಾಳೆ.