ಕೈಗಾ ಸುತ್ತಲಿನ ತುರ್ತು ವಲಯ: ಗೆರೆ ತಿದ್ದುವುದು ಹೇಗೆ?

ಹುಬ್ಬಳ್ಳಿಯಿಂದ ಕೈಗಾ ಅಣು ವಿದ್ಯುತ್ ಸ್ಥಾವರ ನೇರ ಅಳತೆಯಲ್ಲಿ ಸುಮಾರು 90 ಕಿ.ಮೀ. ದೂರದಲ್ಲಿದೆ. ಧಾರವಾಡದಿಂದಲೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಅಲ್ಲಿನ ತುರ್ತು ಯೋಜನೆ ಕಾರವಾರದವರ ತಲೆನೋವು ಎಂದುಕೊಂಡು ನಾವು ಆರಾಮಾಗಿದ್ದೇವೆ. ಈಗಿನ ಲೆಕ್ಕದಲ್ಲಿ ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ದೇಶದ ಅಣು ಸ್ಥಾವರಗಳ ತುರ್ತು ಯೋಜನಾ ವಲಯ, ಅಂದರೆ ಅಪಘಾತವಾದರೆ ಜನರನ್ನು ಕಾಪಾಡಲು ಮೊದಲೇ ಸಿದ್ಧತೆ ಮಾಡಿಡುವ ಪ್ರದೇಶ, ಬಹುಕಾಲದಿಂದ ಸುತ್ತಲೂ 16 ಕಿ.ಮೀ. ಎಂದೇ ನಡೆದು ಬಂದಿದೆ. ಆದರೆ ಕೈಗಾದಲ್ಲಿ ಈಗಿರುವ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಜೊತೆಗೆ ತಲಾ 700 ಮೆಗಾವಾಟ್‌ನ ಎರಡು ಘಟಕಗಳು ಸೇರಲಿವೆ. ಘಟಕ ದೊಡ್ಡದಾದರೆ ಗೆರೆಗಳ ಲೆಕ್ಕವನ್ನೂ ಮತ್ತೆ ಹಾಕಬೇಕು. ಆ ಲೆಕ್ಕದ ಹಂತಗಳು ಹೀಗಿವೆ.

ಹಂತ 1: ಕೆಟ್ಟದ್ದನ್ನು ಊಹಿಸಿ

ಸ್ಥಾವರದಿಂದ ಏನೇನು, ಎಷ್ಟು, ಎಷ್ಟು ಹೊತ್ತಿನಲ್ಲಿ ಹೊರಬೀಳಬಹುದು ಎಂಬ ಅಂದಾಜಿನಿಂದ ಕೆಲಸ ಶುರು. ವಿಕಿರಣ ಸೂಸುವ ಅಯೋಡಿನ್–131 ಎಂಟು ದಿನಕ್ಕೆ ಅರ್ಧವಾಗುತ್ತದೆ. ಸೀಸಿಯಂ–137ಕ್ಕೆ ಅದೇ ಕೆಲಸಕ್ಕೆ ಸುಮಾರು 30 ವರ್ಷ ಬೇಕು. ಮೊದಲಿನದು ಮೊದಲ ವಾರಗಳ ಚಿಂತೆ, ಎರಡನೆಯದು ಹೊಲ–ಕಾಡುಗಳ ಚಿಂತೆ. ಒಂದೇ ಘಟಕ ಕೆಡುತ್ತದೆ ಎಂದು ಹಿಡಿಯುವುದು ಸಾಲದು. 2011ರ ಮಾರ್ಚ್‌ನಲ್ಲಿ ಫುಕುಶಿಮಾದಲ್ಲಿ ಮೂರು ರಿಯಾಕ್ಟರ್‌ಗಳ ಇಂಧನ ಒಟ್ಟೊಟ್ಟಿಗೆ ಕರಗಿತ್ತು.

ಹಂತ 2: ಗಾಳಿ, ಮಳೆ, ಗುಡ್ಡ

ಹೊರಬಿದ್ದದ್ದು ಎತ್ತ ಹೋಗುತ್ತದೆ? ವರ್ಷಗಟ್ಟಲೆಯ ಹವಾಮಾನ ದಾಖಲೆಯನ್ನು ಕಂಪ್ಯೂಟರ್‌ಗೆ ಕೊಟ್ಟು, ಯಾವ ದೂರದಲ್ಲಿ ಜನರಿಗೆ ಎಷ್ಟು ವಿಕಿರಣ ತಗಲಬಹುದು ಎಂದು ಲೆಕ್ಕ ಹಾಕುತ್ತಾರೆ. ಕೈಗಾ ಇರುವುದು ಕಾಳಿ ನದಿಯ ಕಣಿವೆಯಲ್ಲಿ. ಕಣಿವೆಯೊಳಗಿನ ಗಾಳಿಗೂ ಗುಡ್ಡದ ನೆತ್ತಿಯ ಗಾಳಿಗೂ ತಾಳೆಯಾಗುವುದಿಲ್ಲ. ನಾವಿರುವುದು ಅಲ್ಲಿಂದ ಈಶಾನ್ಯಕ್ಕೆ. ಮುಂಗಾರಿನ ನಾಲ್ಕು ತಿಂಗಳು ಗಾಳಿ ಸುಮಾರಾಗಿ ಘಟ್ಟ ಹತ್ತಿ ಇತ್ತಲೇ ಬೀಸುತ್ತದೆ. ಸಮಾಧಾನದ ಮಾತೆಂದರೆ, ಘಟ್ಟದ ಮಳೆ ಕಣಗಳಲ್ಲಿ ಒಂದಷ್ಟನ್ನು ದಾರಿಯಲ್ಲೇ ನೆಲಕ್ಕಿಳಿಸುತ್ತದೆ. ಹಾಗೆ ಇಳಿದ ಕಡೆಯವರಿಗೆ ಮಾತ್ರ ಅದೇ ಕುತ್ತು. ಫುಕುಶಿಮಾದ ವಾಯವ್ಯಕ್ಕಿದ್ದ ಈಟಾಟೆ ಹಳ್ಳಿಯ ಬಹುಭಾಗ 30 ಕಿ.ಮೀ. ಗೆರೆಯ ಆಚೆಗಿತ್ತು. ಆದರೂ ಗಾಳಿ ಅತ್ತ ತಿರುಗಿದಾಗ ಸುರಿದ ಮಳೆ–ಹಿಮದಿಂದ ಅಲ್ಲಿ ಸೀಸಿಯಂ ಕೂತು, ತಿಂಗಳ ಮೇಲೆ ಊರನ್ನೇ ತೆರವು ಮಾಡಿಸಬೇಕಾಯಿತು.

ಹಂತ 3: ಒಂದೊಂದು ಗೆರೆಗೆ ಒಂದೊಂದು ಕೆಲಸ

ಈ ಹಂತದಲ್ಲಿ ಹುಬ್ಬಳ್ಳಿ–ಧಾರವಾಡದ ಹೆಸರು ಬರುತ್ತದೆ. 'ವಲಯ' ಎಂದ ಕೂಡಲೇ ಜನರ ಮನಸ್ಸಿಗೆ ಬರುವುದು ಊರು ಬಿಡುವುದು. ನಿಜದಲ್ಲಿ ಒಳಗಿನ ಗೆರೆ ವಿಕಿರಣ ಹೊರಬೀಳುವ ಮೊದಲೇ ಜನರನ್ನು ಹೊರಡಿಸಲಿಕ್ಕೆ. ಅದರಾಚೆಯದು ಮನೆಯೊಳಗೆ ಇರಿಸುವುದು, ಥೈರಾಯ್ಡ್ ಗ್ರಂಥಿಯನ್ನು ಕಾಯುವ ಅಯೋಡೈಡ್ ಗುಳಿಗೆ ಹಂಚುವುದು, ಬೇಕಾದರೆ ಹೊರಡಿಸುವುದಕ್ಕೆ. ಮೂರನೆಯದು ಸೋರಿಕೆಯ ನಂತರ ಉಪಕರಣ ಹಿಡಿದು ಊರೂರು ಅಳೆಯಲಿಕ್ಕೆ. ಕೊನೆಯದು ಹಾಲು, ಸೊಪ್ಪು, ತೆರೆದ ನೀರಿನ ಬಳಕೆ ತಡೆಯಲಿಕ್ಕೆ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2013ರಲ್ಲಿ ಕೊಟ್ಟ ಸಲಹೆ ರಿಯಾಕ್ಟರ್‌ನ ಉಷ್ಣ ಸಾಮರ್ಥ್ಯವನ್ನು, ಅಂದರೆ ವಿದ್ಯುತ್ತನ್ನಲ್ಲ, ಅದು ಹುಟ್ಟಿಸುವ ಒಟ್ಟು ಶಾಖವನ್ನು ಅವಲಂಬಿಸಿದೆ. ಅದು 1,000 ಮೆಗಾವಾಟ್‌ಗಿಂತ ಕಡಿಮೆ ಇದ್ದರೆ ಮೂರನೆಯ ಗೆರೆ 50 ಕಿ.ಮೀ., ನಾಲ್ಕನೆಯದು 100 ಕಿ.ಮೀ. ಅದಕ್ಕಿಂತ ದೊಡ್ಡದಾದರೆ 100 ಮತ್ತು 300 ಕಿ.ಮೀ. ಕೈಗಾದ ಈಗಿನ ಒಂದು ಘಟಕದ ಉಷ್ಣ ಸಾಮರ್ಥ್ಯ ಸುಮಾರು 750 ಮೆಗಾವಾಟ್. 700 ಮೆಗಾವಾಟ್ ವಿದ್ಯುತ್ತಿನ ಘಟಕದ್ದು 2,000 ದಾಟುತ್ತದೆ. ಅಂದರೆ ಈವರೆಗೆ ಹಾಲು–ತರಕಾರಿಯ ಗೆರೆಯೊಳಗಷ್ಟೇ ಇದ್ದ ಅವಳಿ ನಗರ, ಆ ಸಲಹೆಯನ್ನು ಒಪ್ಪಿದರೆ, ಅಳತೆಯ ಗೆರೆಯೊಳಗೂ ಬರುತ್ತದೆ. ಹಾವೇರಿ, ಗದಗ ಕೂಡ ಆಹಾರದ ಗೆರೆಯೊಳಗೇ. ಇದು ಸಲಹೆ ಮಾತ್ರ, ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯನ್ನು ಕಟ್ಟಿಹಾಕುವ ಕಾನೂನಲ್ಲ. ಆದರೂ ಧಾರವಾಡ ಹಾಲು ಒಕ್ಕೂಟದ ಡೇರಿಗೆ ಉತ್ತರ ಕನ್ನಡದ ಹಾಲು ಬಂದ ದಾರಿಯನ್ನು ನೆನೆದರೆ, ಕಾಗದದ ಮೇಲಿನ ಆ ಅಂಕಿ ಬೆಳಗಿನ ಚಹಾದವರೆಗೆ ಬಂದು ಮುಟ್ಟುತ್ತದೆ.

ಹಂತ 4: ವೃತ್ತ ಅಳಿಸಿ ಊರು ನೋಡಿ

ಕೈವಾರ ಹಿಡಿದು ಎಳೆದ ವೃತ್ತ ಊರಿನ ಅಗಸಿಯನ್ನು ಲೆಕ್ಕಿಸುವುದಿಲ್ಲ. ಒಂದೇ ಓಣಿಯ ಅರ್ಧ ಮನೆಗಳು ಒಳಗೆ, ಅರ್ಧ ಹೊರಗೆ ಎಂದಾದರೆ ತಹಶೀಲ್ದಾರರು ಡಂಗುರ ಸಾರುವುದು ಯಾರಿಗೆ? ಅದಕ್ಕೇ ಗೆರೆಯನ್ನು ಹಳ್ಳ, ರಸ್ತೆ, ಗ್ರಾಮ ಪಂಚಾಯಿತಿಯ ಎಲ್ಲೆಗೆ ಹೊಂದಿಸುತ್ತಾರೆ. ಬ್ರಿಟನ್ನಿನಲ್ಲಿ 2019ರ ನಿಯಮದಂತೆ ಸ್ಥಾವರದವರು ಕನಿಷ್ಠ ದೂರವನ್ನು ಹೇಳುತ್ತಾರೆ, ಗೆರೆಯನ್ನು ನಿರ್ಧರಿಸುವುದು ಸ್ಥಳೀಯ ಆಡಳಿತ. ಊರಿನ ಪರಿಸ್ಥಿತಿ ನೋಡಿ ಹಿಗ್ಗಿಸಬಹುದು, ಕುಗ್ಗಿಸುವಂತಿಲ್ಲ. ಈ ಏರ್ಪಾಡು ನನಗೆ ಮೆಚ್ಚುಗೆ. ಊರಿನ ಗುರುತಿದ್ದವರ ಕೈಯಲ್ಲಿ ಪೆನ್ಸಿಲ್ ಇರಬೇಕು.

ದಾರಿಯನ್ನೂ ಇಲ್ಲೇ ನೋಡಬೇಕು. ಕೈಗಾದಿಂದ ಯಲ್ಲಾಪುರದ ಕಡೆ ಹತ್ತುವ ಕಾರವಾರ–ಇಳಕಲ್ ರಾಜ್ಯ ಹೆದ್ದಾರಿಯಾಗಲಿ, ಅರಬೈಲ್ ಘಟ್ಟವಾಗಲಿ ಮಳೆಗಾಲದಲ್ಲಿ ನೆಚ್ಚುವಂಥವಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಕುಸಿದ ಗುಡ್ಡ ರಾಷ್ಟ್ರೀಯ ಹೆದ್ದಾರಿಯನ್ನೇ ಮುಚ್ಚಿತು. ಕದ್ರಾ ಅಣೆಕಟ್ಟೆಯ ಗೇಟು ತೆರೆದ ದಿನ ಕೆಳಗಿನ ಹಳ್ಳಿಗಳ ಜನ ಮೊದಲೇ ಗಂಟುಮೂಟೆ ಕಟ್ಟಿರುತ್ತಾರೆ. ಬೇಸಿಗೆಯಲ್ಲಿ ಎರಡು ತಾಸಿನಲ್ಲಿ ತೆರವಾಗುವ ಊರು ಆಷಾಢದಲ್ಲಿ ಎಷ್ಟು ತಾಸು ತೆಗೆದುಕೊಳ್ಳುತ್ತದೆ ಎಂಬ ಲೆಕ್ಕವಿಲ್ಲದ ನಕ್ಷೆ ಗೋಡೆಗೆ ತೂಗುಹಾಕಲಿಕ್ಕೆ ಮಾತ್ರ ಲಾಯಕ್ಕು.

ಹಂತ 5: ಓಡಿಸುವುದರ ಬೆಲೆ

ಗೆರೆ ದೊಡ್ಡದಾದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಫುಕುಶಿಮಾದಲ್ಲಿ ಸ್ಥಳಾಂತರ 3 ಕಿ.ಮೀ.ಯಿಂದ ಮೊದಲಾಗಿ ಒಂದು ದಿನದೊಳಗೆ 10, ಆಮೇಲೆ 20 ಕಿ.ಮೀ.ಗೆ ಹಿಗ್ಗಿತು. ಆಸ್ಪತ್ರೆಯ ಹಾಸಿಗೆ ಹಿಡಿದ ಮುದುಕರನ್ನು ಸಿದ್ಧತೆಯಿಲ್ಲದೆ ಬಸ್ಸಿಗೆ ಹತ್ತಿಸಿ, ತಾಸುಗಟ್ಟಲೆ ಸುತ್ತಿಸಿದ್ದರಿಂದಲೇ ಹಲವರು ಸತ್ತರು. ಆ ಪ್ರಾಂತ್ಯದಲ್ಲಿ ಸ್ಥಳಾಂತರದ ಬವಣೆ ಮತ್ತಿತರ ಪರೋಕ್ಷ ಕಾರಣಗಳಿಂದಾದ ಸಾವುಗಳು 2,000 ದಾಟಿವೆ. ಆದ್ದರಿಂದ ಪ್ರತಿ ಗೆರೆಯೊಳಗಿನ ಶಾಲೆ, ಆಸ್ಪತ್ರೆ, ಬಾಣಂತಿಯರು, ನಡೆಯಲಾರದವರು ಇವರ ಪಟ್ಟಿ ಮಾಡಿ, ಯಾರನ್ನು ಹೊರಡಿಸಬೇಕು, ಯಾರನ್ನು ಬಾಗಿಲು ಕಿಟಕಿ ಮುಚ್ಚಿ ಒಳಗೇ ಇರಿಸಬೇಕು ಎಂದು ಮೊದಲೇ ಬರೆದಿಡಬೇಕು. ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೊದಲ ಏಳು ದಿನಗಳಲ್ಲಿ 100 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ತಗಲುವ ಅಂದಾಜಿದ್ದರೆ ಇಂಥ ಕ್ರಮ. ಹೋಲಿಕೆಗೆ, ನಿಸರ್ಗದಿಂದಲೇ ನಮಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತಿರುತ್ತದೆ.

ಹಂತ 6: ಸಹಿ, ತಾಲೀಮು

ಸ್ಥಾವರದ ಹೊರಗಿನ ತುರ್ತು ಕಾರ್ಯಾಚರಣೆಯ ಹೊಣೆ ಜಿಲ್ಲಾಧಿಕಾರಿಯದು. ಕೈಗಾಕ್ಕೆ ಸಂಬಂಧಿಸಿ ಉತ್ತರ ಕನ್ನಡದವರದು. ಗೆರೆ ತಿದ್ದಿದ ಮೇಲೆ ಹೊರಾವರಣದ ಅಣಕು ಕಾರ್ಯಾಚರಣೆಯಲ್ಲಿ ಅದನ್ನು ಒರೆಗೆ ಹಚ್ಚಬೇಕು. ಆ ತಾಲೀಮಿಗೆ ಧಾರವಾಡ ಜಿಲ್ಲೆಯನ್ನೂ ಕೂಡಿಸಿಕೊಳ್ಳುವುದು ಒಳ್ಳೆಯದು. ಘಟ್ಟ ಹತ್ತಿ ಬಂದವರಿಗೆ ಹತ್ತಿರದ ದೊಡ್ಡ ಆಸ್ಪತ್ರೆ, ರೈಲು, ವಿಮಾನ ನಿಲ್ದಾಣ ಎಲ್ಲ ಇರುವುದು ಇಲ್ಲೇ. ಬಂದವರ ಮೈ, ವಾಹನ ತೊಳೆಯುವ ಜಾಗ ಯಾವುದು, ತೊಳೆದ ನೀರು ಎಲ್ಲಿಗೆ ಹೋಗಬೇಕು, ಯಾವ ಮಾರ್ಗದ ಹಾಲಿನ ಟ್ಯಾಂಕರ್‌ಗಳನ್ನು ಯಾರ ಆದೇಶದ ಮೇಲೆ ನಿಲ್ಲಿಸಬೇಕು, ಎಪಿಎಂಸಿಗೆ ಬಂದ ಮಾಲನ್ನು ಅಳೆಯುವ ಉಪಕರಣ ಯಾರ ಬಳಿ ಇರಬೇಕು: ಈ ನಾಲ್ಕಕ್ಕೆ ಉತ್ತರ ನಮ್ಮ ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಇದೆಯೇ ಎಂದು ಮಿನಿ ವಿಧಾನಸೌಧಕ್ಕೋ ಜಿಲ್ಲಾಧಿಕಾರಿ ಕಚೇರಿಗೋ ಹೋದಾಗ ಕೇಳಬಹುದು. ಇಲ್ಲವೆಂದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.